ಕುಂಬಳಕಾಯಿಗೆ ನೀರೇಕೆ?

ಸಿಹಿಗುಂಬಳದ ಪಲ್ಯ ನೀರುನೀರಾಯಿತೆಂದು ಕೊರಗುವ ಗೃಹಿಣಿಯರು ಅನೇಕರು. ತಪ್ಪು ಕಾಯಿಯದಲ್ಲ, ಸುರಿದ ನೀರಿನದು. ಕುಂಬಳದ ನೂರು ಪಾಲಿನಲ್ಲಿ ಸುಮಾರು 90 ಪಾಲು ನೀರೇ ಇರುವುದು.

ಹೆಚ್ಚುವಾಗಲೇ ಹಸಿ ಚೂರೊಂದನ್ನು ನಾಲಗೆಗೆ ಮುಟ್ಟಿಸಿ ನೋಡಬೇಕು; ಕಹಿಯೆನಿಸಿದರೆ ಉಗುಳಿ, ಇಡೀ ಕಾಯಿಯನ್ನೇ ಎಸೆಯುವುದು ಕ್ಷೇಮ. ಆ ಕಹಿಯು ವಿಷ, ಬೇಯಿಸಿದರೂ ಅಳಿಯದು.

ಕಾದ ಎಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕರಿಬೇವು ಸಿಡಿದೊಡನೆ ಹೋಳು, ಉಪ್ಪು ಹಾಕಿ, ತಟ್ಟೆ ಮುಚ್ಚಿ ಸಣ್ಣ ಉರಿಯಲ್ಲಿಡಬೇಕು. ಕಾಯಿ ತನ್ನ ನೀರಿನಲ್ಲೇ ಬೇಯುವುದು. ತೆಂಗಿನತುರಿ ಉದುರಿಸಿದರೆ ಪಲ್ಯ ಸಿದ್ಧ. ಇನ್ನಷ್ಟು ಮೆತ್ತಗೆ ಬೆಂದುದನ್ನು ಸೌಟಿನಿಂದ ಮಸೆದು, ಆರಿಸಿ, ಗಟ್ಟಿ ಮೊಸರು ಬೆರೆಸಿದರೆ ಮೊಸರುಬಜ್ಜಿ.

ಹೊಂಬಣ್ಣದ ಕ್ಯಾರೊಟಿನ್ ದೇಹದಲ್ಲಿ ‘ಎ’ ಜೀವಸತ್ವವಾಗುವುದು. ಅದು ಮೈಗೆ ಹತ್ತಲು ಜಿಡ್ಡು ಬೇಕು. ಆದುದರಿಂದ ಒಗ್ಗರಣೆಯ ಎಣ್ಣೆ ನಾಲಗೆಗಾಗಿ ಮಾತ್ರವಲ್ಲ, ಕಣ್ಣಿಗಾಗಿಯೂ ಹೌದು.