ಹಳೇ ಬಟ್ಟೆ ‘ಥ್ರಿಫ್ಟ್’ ಆದಾಗ ಬದಲಾಗಿದ್ದೇನು?

ಒಂದು ಅಂಗಿ ಬೆಂಗಳೂರಿನ ಸಂಡೇ ಬಜಾರಿನಲ್ಲಿ, ಟಾರ್ಪಾಲಿನ ಮೇಲಿನ ರಾಶಿಯಲ್ಲಿ ಬಿದ್ದಿದ್ದರೆ ಅದು ‘ಸೆಕೆಂಡ್ ಹ್ಯಾಂಡ್’. ಅದನ್ನೇ ಒಗೆದು, ಇಸ್ತ್ರಿ ಮಾಡಿ, ಬಿಳಿ ಗೋಡೆಯ ಮುಂದೆ ಫೋಟೊ ತೆಗೆದು ಇನ್‌ಸ್ಟಾಗ್ರಾಮ್‌ಗೆ ಹಾಕಿದರೆ ‘ಥ್ರಿಫ್ಟ್’. ಬೆಲೆಯೂ ಏರುತ್ತೆ, ಮರ್ಯಾದೆಯೂ ಏರುತ್ತೆ. ಬಟ್ಟೆ ಮಾತ್ರ ಅದೇ. ಹಾಗಾದರೆ ಈ ನಡುವೆ ಬದಲಾಗಿದ್ದೇನು? ಯಾರಿಗೆ ಲಾಭ ಆಯ್ತು?

ಮೊದಲು ಈ ವ್ಯವಸ್ಥೆ ಎಲ್ಲಿಂದ ಬಂತು ನೋಡೋಣ. ಅಮೆರಿಕದ ಬಾಸ್ಟನ್ ನಗರದಲ್ಲಿ 1902ರಲ್ಲಿ ಎಡ್ಗರ್ ಹೆಲ್ಮ್ಸ್ ಎಂಬ ಮೆಥಡಿಸ್ಟ್ ಪಾದ್ರಿ ಶುರು ಮಾಡಿದ ಕೆಲಸವೇ ಮುಂದೆ ‘ಗುಡ್‌ವಿಲ್’ ಸಂಸ್ಥೆಯಾಯಿತು. ಉಳ್ಳವರ ಮನೆಗಳಿಂದ ಹಳೇ ಸಾಮಾನು ತರುವುದು, ಬಡ ವಲಸಿಗರಿಗೆ ಅದನ್ನು ರಿಪೇರಿ ಮಾಡುವ ಕೂಲಿ ಕೊಡುವುದು, ಕಡಿಮೆ ಬೆಲೆಗೆ ಮಾರುವುದು. ಅಂದ್ರೆ ಮೂಲದಲ್ಲಿ ಇದು ಬಡವರಿಗೆ ಕೆಲಸ ಮತ್ತು ಬಟ್ಟೆ ಎರಡನ್ನೂ ಕೊಡುವ ವ್ಯವಸ್ಥೆ. 1999ರಲ್ಲಿ ಗುಡ್‌ವಿಲ್‌ನದ್ದೇ ಆನ್‌ಲೈನ್ ಹರಾಜು ತಾಣ ಬಂತು. ಒಳ್ಳೆಯ ಮಾಲು ಅಂಗಡಿಯ ಕಪಾಟಿಗೆ ಬರುವ ಮೊದಲೇ ಅತ್ತ ಹೋಗಲು ದಾರಿಯಾಯಿತು. 2009ರಲ್ಲಿ ಥ್ರೆಡ್‌ಅಪ್, 2011ರಲ್ಲಿ ಡಿಪಾಪ್ ಹುಟ್ಟಿದವು. 2021ರಲ್ಲಿ ಎಟ್ಸಿ ಕಂಪನಿ ಡಿಪಾಪನ್ನು ಸುಮಾರು 160 ಕೋಟಿ ಡಾಲರಿಗೆ ಕೊಂಡುಕೊಂಡಿತು. ದಾನದ ಬಟ್ಟೆಯ ವ್ಯಾಪಾರಕ್ಕೆ ಷೇರು ಮಾರುಕಟ್ಟೆಯ ಭಾಷೆ ಬಂದಿದ್ದು ಹೀಗೆ.

ನಮ್ಮಲ್ಲಿ ಇದರ ಚರಿತ್ರೆ ಬೇರೆ. ಹಳೇ ಸೀರೆ, ಪ್ಯಾಂಟು ಕೊಟ್ಟರೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರನ್ನು ನೀವೂ ನೋಡಿರುತ್ತೀರಿ. ಉತ್ತರ ಭಾರತದ ಹಲವು ನಗರಗಳಲ್ಲಿ ಗುಜರಾತ್ ಮೂಲದ ವಾಘ್ರಿ ಸಮುದಾಯದ ಹೆಂಗಸರು ತಲೆಮಾರುಗಳಿಂದ ಈ ಕೆಲಸ ಮಾಡುತ್ತಿದ್ದಾರೆ. ಗಂಟು ಹೊತ್ತು ಬೀದಿ ಬೀದಿ ಸುತ್ತಿ, ಚೌಕಾಸಿ ಮಾಡಿ, ಬಟ್ಟೆ ವಿಂಗಡಿಸಿ, ತೇಪೆ ಹಾಕಿಸಿ ಸಂತೆಗೆ ಸಾಗಿಸುತ್ತಾರೆ. ‘ಸರ್ಕ್ಯುಲರ್ ಎಕಾನಮಿ’ ಅನ್ನೋ ಪದ ಹುಟ್ಟುವ ಮೊದಲೇ ಅದನ್ನು ನಡೆಸುತ್ತಿದ್ದವರು ಇವರು. ಇವರನ್ನು ಯಾರೂ ‘ಸಸ್ಟೈನಬಲ್ ಉದ್ಯಮಿ’ ಅಂತ ಕರೆಯಲಿಲ್ಲ.

ಇಲ್ಲಿ ಇನ್ನೊಂದು ವಿಷಯವನ್ನು ಮುಚ್ಚಿಡುವಂತಿಲ್ಲ, ಜಾತಿ. ಶೂದ್ರರಿಗೆ ಉಳಿದ ಅನ್ನ, ಹಳೇ ಬಟ್ಟೆ ಕೊಡಬೇಕು, ಚಂಡಾಲರು ಹೆಣದ ಮೇಲಿನ ಬಟ್ಟೆ ಉಡಬೇಕು ಎಂದು ವಿಧಿಸಿದ್ದು ಮನುಸ್ಮೃತಿ. ಅದನ್ನು ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟರು. ಅದೇ ಸಂದರ್ಭದಲ್ಲಿ ದಲಿತ ಹೆಣ್ಣುಮಕ್ಕಳಿಗೆ ಸೀರೆ ಉಡುವ ರೀತಿಯನ್ನೇ ಬದಲಿಸಿಕೊಳ್ಳಿ ಎಂದೂ ಹೇಳಿದರು. ನನ್ನ ಹಾಸ್ಟೆಲ್ ಗೆಳೆಯನೊಬ್ಬ ಮೊದಲ ಸಂಬಳದಲ್ಲಿ ಎರಡು ಹೊಸ ಅಂಗಿ ತಗೊಂಡ. ಅವನ ಅಪ್ಪ ಸಾಹುಕಾರರ ಮನೆಯವರು ಬಿಟ್ಟ ಅಂಗಿ ಹಾಕಿಯೇ ಬದುಕಿದವರು. ‘ಥ್ರಿಫ್ಟ್ ಮಾಡು, ಭೂಮಿ ಉಳಿಸು’ ಅಂತ ಅವನಿಗೆ ಉಪದೇಶ ಮಾಡೋಕೆ ನನಗೆ ಬಾಯಿ ಬರಲ್ಲ. ಹಳೇ ಬಟ್ಟೆಯನ್ನು ಖುಷಿಯಿಂದ ಆಯ್ದುಕೊಳ್ಳಬೇಕಾದರೆ, ಹೊಸದನ್ನು ಕೊಳ್ಳುವ ತಾಕತ್ತು ನಿಮಗಿದೆ ಅಂತ ಜನ ಮೊದಲೇ ನಂಬಿರಬೇಕು.

2020ರ ಲಾಕ್‌ಡೌನ್ ಹೊತ್ತಿಗೆ ನಮ್ಮ ಫೀಡ್‌ಗಳಲ್ಲಿ ಥ್ರಿಫ್ಟ್ ಪೇಜ್‌ಗಳು ಸಾಲು ಸಾಲಾಗಿ ಬಂದವು. ನಡೆಸುವವರಲ್ಲಿ ಹೆಚ್ಚಿನವರು ಕಾಲೇಜು ಹುಡುಗಿಯರು, ಈಶಾನ್ಯ ರಾಜ್ಯಗಳ ಯುವಜನರು. ಅಲ್ಲಿ ಸಿಗುವ ಮಾಲಿಗೆ ಮುಖ್ಯವಾಗಿ ಮೂರು ಮೂಲಗಳಿವೆ. ಒಂದು, ಮಾರುವವರದ್ದೇ ಕಪಾಟು. ಎರಡು, ಗಾರ್ಮೆಂಟ್ಸ್ ಕಾರ್ಖಾನೆಗಳ ಎಕ್ಸ್‌ಪೋರ್ಟ್ ಸರ್‌ಪ್ಲಸ್. ಇದು ಯಾರೂ ಹಾಕದ ಹೊಸ ಬಟ್ಟೆ, ಥ್ರಿಫ್ಟ್ ಅನ್ನೋದೇ ತಪ್ಪು. ಮೂರು, ವಿದೇಶದಿಂದ ಬೇಲ್ ಲೆಕ್ಕದಲ್ಲಿ ಬರುವ ಹಳೇ ಬಟ್ಟೆ.

ಈ ಮೂರನೆಯದು ಸ್ವಲ್ಪ ಗೋಜಲು. ಹಾಕಿ ಬಿಟ್ಟ ಬಟ್ಟೆಯನ್ನು ಭಾರತಕ್ಕೆ ಆಮದು ಮಾಡಿಕೊಳ್ಳಲು ಲೈಸೆನ್ಸ್ ಬೇಕು. ಚಿಂದಿಯಾಗಿ ತರುವುದಾದರೆ ಮತ್ತೆ ತೊಡಲಾಗದಂತೆ ಕತ್ತರಿಸಿರಬೇಕು. ಆ ಚಿಂದಿಯಿಂದ ಹರಿಯಾಣದ ಪಾಣಿಪತ್‌ನಲ್ಲಿ ನೂಲು ತೆಗೆದು ಕಂಬಳಿ ಮಾಡುತ್ತಾರೆ. ಗುಜರಾತಿನ ಕಾಂಡ್ಲಾ ವಿಶೇಷ ಆರ್ಥಿಕ ವಲಯದಲ್ಲಿ ಹಳೇ ಬಟ್ಟೆ ವಿಂಗಡಿಸಿ ಮರುರಫ್ತು ಮಾಡುವ ಘಟಕಗಳಿವೆ. ಇಷ್ಟೆಲ್ಲ ನಿಯಮವಿದ್ದೂ ಬೇಲ್‌ಗಳು ನಮ್ಮ ಸಂತೆಗಳಲ್ಲಿ ರಾಜಾರೋಷವಾಗಿ ಬಿಚ್ಚಿಕೊಳ್ಳುತ್ತವೆ.

ಬೇಲ್‌ಗಳ ದೊಡ್ಡ ಹರಿವು ಆಫ್ರಿಕಾದ ಕಡೆಗಿದೆ. ಘಾನಾದಲ್ಲಿ ಇವಕ್ಕೆ ಜನ ಇಟ್ಟ ಹೆಸರಿನ ಅರ್ಥ ‘ಸತ್ತ ಬಿಳಿಯರ ಬಟ್ಟೆ’. ಇಷ್ಟು ಒಳ್ಳೆಯ ಬಟ್ಟೆಯನ್ನು ಬದುಕಿದ್ದವರು ಯಾಕೆ ಬಿಸಾಡ್ತಾರೆ ಅನ್ನೋ ಊಹೆ ಅದು. 2016ರಲ್ಲಿ ರುವಾಂಡಾ ತನ್ನ ಜವಳಿ ಉದ್ಯಮ ಉಳಿಸಿಕೊಳ್ಳಲು ಹಳೇ ಬಟ್ಟೆಯ ಸುಂಕವನ್ನು ಕಿಲೋಗೆ 0.20 ಡಾಲರಿನಿಂದ 2.50 ಡಾಲರಿಗೆ ಏರಿಸಿತು. 2018ರಲ್ಲಿ ಅಮೆರಿಕ, ರುವಾಂಡಾದ ಉಡುಪುಗಳಿಗಿದ್ದ ಸುಂಕರಹಿತ ಪ್ರವೇಶವನ್ನೇ ಅಮಾನತು ಮಾಡಿತು. ನಾವು ಬಿಸಾಡಿದ್ದನ್ನು ನೀವು ಕೊಳ್ಳಲೇಬೇಕು ಅನ್ನೋದು ಇದರ ಒಟ್ಟು ಸಂದೇಶ.

‘ಉಳ್ಳವರು ಥ್ರಿಫ್ಟ್ ಮಾಡಿದರೆ ಬಡವರಿಗೆ ಬಟ್ಟೆ ಸಿಗಲ್ಲ’ ಅನ್ನೋ ವಾದ ನೀವು ಕೇಳಿರಬಹುದು. ಅರ್ಧ ಸರಿ. ಜಗತ್ತಿನಲ್ಲಿ ಹಳೇ ಬಟ್ಟೆಗೆ ಬರವಿಲ್ಲ. ಗಟ್ಟಿಯಾದ, ಬಾಳಿಕೆ ಬರುವ ಬಟ್ಟೆಗೆ ಬರವಿದೆ. ಅಂಥವನ್ನು ಮರುಮಾರಾಟಗಾರರು ಮೊದಲೇ ಆರಿಸಿಕೊಂಡರೆ, ರಾಶಿಯ ತಳದಲ್ಲಿ ಉಳಿಯೋದು ನಾಲ್ಕು ಸಲ ಒಗೆದರೆ ಜೋಲುವ ಪಾಲಿಯೆಸ್ಟರ್. ಫಾಸ್ಟ್ ಫ್ಯಾಷನ್ ಬಂದ ಮೇಲೆ ಆ ತಳ ದಪ್ಪವಾಗುತ್ತಲೇ ಇದೆ.

ಎಂಜಿನಿಯರಿಂಗ್‌ನಲ್ಲಿ ನಾನು ಓದಿದ್ದರಲ್ಲಿ ಇವತ್ತಿಗೂ ಉಪಯೋಗಕ್ಕೆ ಬರೋದು ಒಂದು ಸರಳ ಲೆಕ್ಕ. ಒಳಗೆ ಬಂದಿದ್ದರಲ್ಲಿ ಹೊರಗೆ ಹೋದದ್ದನ್ನು ಕಳೆದರೆ, ಒಳಗೆ ಉಳಿದದ್ದು ಸಿಗುತ್ತೆ. ಇದನ್ನು ನಿಮ್ಮ ಕಪಾಟಿಗೆ ಹಾಕಿ ನೋಡಿ. ಥ್ರಿಫ್ಟ್ ಅಂಗಿ ಒಂದು ಹೊಸ ಅಂಗಿಯ ಬದಲಿಗೆ ಬಂದರೆ ಮಾತ್ರ ಕಾರ್ಖಾನೆಯಲ್ಲಿ ಒಂದು ಅಂಗಿ ಕಡಿಮೆಯಾಗಲು ಅವಕಾಶ. ಹೊಸದರ ಜೊತೆಗೇ ಬಂದರೆ ಕಡಿಮೆಯಾಗೋದು ನಮ್ಮ ಪಾಪಪ್ರಜ್ಞೆ ಮಾತ್ರ.

ಹಾಗಂತ ಥ್ರಿಫ್ಟ್ ಬೇಡ ಅಂತಿಲ್ಲ, ನಾನೂ ಕೊಳ್ಳುತ್ತೇನೆ. ಆದರೆ ಮಾಲು ಎಲ್ಲಿಂದ ಬಂತು ಅಂತ ಕೇಳಿ ಕೊಳ್ಳೋಣ. ಸಂತೆಯಲ್ಲಿ ಐವತ್ತು ರೂಪಾಯಿಗೆ ಚೌಕಾಸಿ ಮಾಡಿ, ಇನ್‌ಸ್ಟಾಗ್ರಾಮ್‌ನಲ್ಲಿ ಹೇಳಿದ ಬೆಲೆ ತೆತ್ತು ಬರೋದನ್ನು ಬಿಡೋಣ. ಮತ್ತೆ, ಬೀದಿಬದಿ ವ್ಯಾಪಾರಿಗಳಿಗೆ ಗುರುತಿನ ಚೀಟಿ, ಕೂರಲು ಜಾಗ ಕೊಡಬೇಕು ಅಂತ 2014ರಲ್ಲೇ ಕಾನೂನು ಬಂದಿದೆ. ಮುಂದಿನ ಸಲ ಕಾರ್ಯಾಚರಣೆಯ ಹೆಸರಲ್ಲಿ ಪಾಲಿಕೆಯ ಲಾರಿ ಬಂದು ಹಳೇ ಬಟ್ಟೆಯ ಗಂಟುಗಳನ್ನು ಎತ್ತಿಹಾಕಿಕೊಂಡು ಹೋಗುವಾಗ, ಸಸ್ಟೈನಬಿಲಿಟಿ ಬಗ್ಗೆ ಪೋಸ್ಟ್ ಹಾಕುವ ನಾವು ಅದರ ಬಗ್ಗೆಯೂ ಒಂದು ಪೋಸ್ಟ್ ಹಾಕುತ್ತೇವಾ?