ಕರುಳಿಗೆ ಕತ್ತರಿ ಕೊನೆಯಲ್ಲಿ

ಬಂಗಾರಪೇಟೆ, ಕೆಜಿಎಫ್ ಸುತ್ತಿನ ಫಾರಂಗಳಲ್ಲಿ ಕೋಳಿ ಸಾಯತೊಡಗಿದರೆ ಒಳ್ಳೆಯ ಪಶುವೈದ್ಯರು ಔಷಧ ಬರೆಯುವ ಮೊದಲು ಒಂದನ್ನು ಕೊಯ್ದು ನೋಡುತ್ತಾರೆ. ಪುಕ್ಕ ಹಾರದಂತೆ ಸೋಪಿನ ನೀರಲ್ಲಿ ಅದ್ದಿ, ಅಂಗಾತ ಮಲಗಿಸಿ, ತೊಡೆಗಳನ್ನು ಹೊರಕ್ಕೆ ಒತ್ತಿ ಕೀಲು ಕಳಚುತ್ತಾರೆ. ಆಮೇಲೆ ಕೋಳಿ ಹೊರಳುವುದಿಲ್ಲ. ಎದೆಗೂಡು ಎತ್ತಿ ಗಾಳಿಚೀಲ, ಹೃದಯ, ಲಿವರ್ ನೋಡಿ ಮುಗಿದ ಮೇಲೆಯೇ ಕರುಳಿಗೆ ಕತ್ತರಿ. ಮೊದಲೇ ಬಿಡಿಸಿದರೆ ಒಳಗಿನ ಹೊಲಸು ಉಳಿದದ್ದನ್ನೆಲ್ಲ ಕೆಡಿಸುತ್ತದೆ. ಸಾವಿನ ಆತಂಕದಲ್ಲಿ ಮಾಲೀಕ ಪಕ್ಕದಲ್ಲೇ ನಿಂತಿರುವಾಗಲೂ ಈ ಕ್ರಮ ತಪ್ಪದ ಕೈಗಳ ಬಗ್ಗೆ ನನಗೆ ಅಪಾರ ಗೌರವ.

ಗಿಜರ್ಡ್‌ಗೆ ಮೊದಲಿನ ಜಠರದಲ್ಲಿ ರಕ್ತದ ಚುಕ್ಕೆಗಳಿದ್ದರೆ ಕೊಕ್ಕರೆ ರೋಗದ ಅನುಮಾನ. ಜೋಡಿ ಕುರುಡುಗರುಳುಗಳಲ್ಲಿ ರಕ್ತ ತುಂಬಿದ್ದರೆ ಕಾಕ್ಸಿಡಿಯೋಸಿಸ್ ಇರಬಹುದು. ಆ ಕುರುಡುಗರುಳುಗಳ ಬುಡವನ್ನು ವೈದ್ಯರು ತಪ್ಪದೆ ನೋಡುತ್ತಾರೆ, ಏಕೆಂದರೆ ಅಲ್ಲಿ ಟಾನ್ಸಿಲ್‌ಗಳಿವೆ. ನಮಗಿರುವಂಥ ದುಗ್ಧಗ್ರಂಥಿಗಳು ಕೋಳಿಗಿಲ್ಲ. ಅದರ ಕಾವಲಿನ ದೊಡ್ಡ ಪಾಲು ಕರುಳಿನ ಗೋಡೆಯಲ್ಲೇ ಇದೆ. ತೊಡೆಯ ಸ್ನಾಯು ಸರಿಸಿ ಎಡಬಲದ ನರಗಳ ದಪ್ಪವನ್ನೂ ಹೋಲಿಸುತ್ತಾರೆ. ಒಂದು ಊದಿದ್ದರೆ ಮಾರೆಕ್ಸ್ ರೋಗದ ಸುಳಿವು.

ಕತ್ತರಿಗೆ ಸಿಗದ ನರಗಳೂ ಇವೆ. ಕರುಳಿನ ಗೋಡೆಯೊಳಗೆ ಎರಡು ಪದರಗಳಲ್ಲಿ ನರಜಾಲ ಹರಡಿದೆ. ಅದನ್ನು ಪೋಷಿಸುತ್ತ ಒತ್ತಿಕೊಂಡಿರುವವು ಗ್ಲಿಯಾ ಕೋಶಗಳು. ಇವು ಎಲ್ಲಿಂದ ಬಂದವು ಎಂಬುದನ್ನು ತಿಳಿಸಿದ್ದು ಕೋಳಿಮೊಟ್ಟೆಯೇ. 1970ರ ದಶಕದಲ್ಲಿ ಫ್ರಾನ್ಸಿನ ನಿಕೋಲ್ ಲೆ ದ್ವಾರೆನ್ ಮೊಟ್ಟೆಯೊಳಗಿನ ಕೋಳಿಭ್ರೂಣಕ್ಕೆ ಗೌಜಲಕ್ಕಿಯ ನರಮೂಲದ ತುಣುಕು ಕಸಿ ಮಾಡಿದರು. ಗೌಜಲಕ್ಕಿಯ ಕೋಶಕೇಂದ್ರವನ್ನು ಸೂಕ್ಷ್ಮದರ್ಶಕದಲ್ಲಿ ಬೇರೆಯಾಗಿ ಗುರುತಿಸಬಹುದು. ಕುತ್ತಿಗೆಯ ಭಾಗದಲ್ಲಿ ಕಸಿಯಾದ ಕೋಶಗಳು ಕರುಳಿನುದ್ದಕ್ಕೂ ನಡೆದುಹೋಗಿ ನೆಲೆಸಿದ್ದನ್ನು ಅವರು ಕಂಡರು. ಅಷ್ಟು ಎಳೆಯ ಭ್ರೂಣದ ಮೇಲೆ ಅಷ್ಟು ನಿಖರವಾದ ಕೆಲಸ!

ಈ ಕೋಶಗಳು ಬರೀ ಆಸರೆಯಲ್ಲ. 2016ರಲ್ಲಿ ಇಲಿಗಳಲ್ಲಿ ಕಂಡುಬಂದಂತೆ, ಗ್ಲಿಯಾ ಕೋಶಗಳು ಸೂಕ್ಷ್ಮಾಣುಗಳ ಸುಳಿವು ಹಿಡಿದು ಪಕ್ಕದ ರೋಗನಿರೋಧಕ ಕೋಶಗಳಿಗೆ ಸಂಕೇತ ಕಳಿಸುತ್ತವೆ. ಆಗ ಆ ರೋಗನಿರೋಧಕ ಕೋಶಗಳು ಕರುಳಿನ ಒಳಪದರವನ್ನು ಕಾಯುವ ಇಂಟರ್‌ಲ್ಯೂಕಿನ್-22 ಸ್ರವಿಸುತ್ತವೆ. ಕರುಳಿನಲ್ಲೇ ಇಷ್ಟೊಂದು ಕಾವಲು ಇಟ್ಟುಕೊಂಡ ಕೋಳಿಯ ವಿಷಯದಲ್ಲೂ ಈ ಸಂಗತಿ ಮುಖ್ಯವಾಗಬಹುದು.

ಇದೆಲ್ಲ ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಅಂಗಾಂಶ ಕೆಟ್ಟಿರಬಾರದು. ಸತ್ತ ಕೋಳಿಯಲ್ಲಿ ಬೇಗ ಕೊಳೆಯುವುದು ಕರುಳು, ಬಿಡಿಸುವುದು ಮಾತ್ರ ಕೊನೆಗೆ. ಆದ್ದರಿಂದ ಹಿಂದಿನ ಹಂತಗಳಲ್ಲಿ ಕೈ ತಡವರಿಸುವಂತಿಲ್ಲ. ಸಣ್ಣ ತುಣುಕು ಕತ್ತರಿಸಿ, ಅದರ ಹತ್ತು ಪಟ್ಟು ಫಾರ್ಮಲಿನ್‌ನಲ್ಲಿ ಮುಳುಗಿಸಿ, ಬಾಟಲಿಗೆ ಚೀಟಿ ಅಂಟಿಸಿದ ಮೇಲೆಯೇ ವೈದ್ಯರು ಕೈಗವಸು ತೆಗೆಯುತ್ತಾರೆ.