ಕೀ ಕೆಟ್ಟಿಲ್ಲ, ಕಾರಿಗೆ ಕೇಳಿಸುತ್ತಿಲ್ಲ

ಹತ್ತು ಹದಿನೈದು ಮೀಟರ್ ದೂರದಿಂದಲೇ ಬಾಗಿಲು ತೆರೆಯುತ್ತಿದ್ದ ರಿಮೋಟ್ ಕೀ ಈಗ ಬಾಗಿಲ ಪಕ್ಕ ನಿಂತು ಒತ್ತಿದರೂ ಕೆಲವೊಮ್ಮೆ ಜಗ್ಗುವುದಿಲ್ಲ. ಸೆಲ್ ಬದಲಿಸಿದರೂ ಅಷ್ಟೇ. ಮಾಸ್ತಿಯಂಥ ಸಣ್ಣ ಊರಿನಲ್ಲಿ ಹೀಗಾದರೆ ಸರ್ವಿಸ್ ಸೆಂಟರ್ ಹುಡುಕಿಕೊಂಡು ಕೋಲಾರಕ್ಕೋ ಹೊಸೂರಿಗೋ ಹೋಗಬೇಕು, ಹೊಸ ಕೀಗೆ ಸಾವಿರಾರು ರೂಪಾಯಿ ತೆರಬೇಕು. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಇತ್ತೀಚೆಗೆ ಕಾರಿಗೆ ಡ್ಯಾಶ್‌ಕ್ಯಾಮ್ ಹಾಕಿಸಿದ್ದೀರಾ?

ಮಾಲೂರು, ಬಂಗಾರಪೇಟೆ ಮೇಲೆ ಹೋಗುವ ಚೆನ್ನೈ ಎಕ್ಸ್‌ಪ್ರೆಸ್‌ವೇ, ಕೋಲಾರ–ಮುಳಬಾಗಿಲು ಹೆದ್ದಾರಿಗಳಲ್ಲಿ ಓಡಾಡುವವರಿಗೆ ಈ ಕ್ಯಾಮೆರಾ ಉಪಯುಕ್ತ. ಅಪಘಾತವಾದರೆ ತಪ್ಪು ಯಾರದೆಂದು ಹೇಳಲು ಸಾಕ್ಷಿ ಇರುತ್ತದೆ. ಆದರೆ ಅಗ್ಗದ ಕ್ಯಾಮೆರಾ, ಅದಕ್ಕಿಂತ ಹೆಚ್ಚಾಗಿ ಅದರ ಚಾರ್ಜರ್, ಕೀ ಮತ್ತು ಕಾರಿನ ನಡುವಿನ ಮಾತನ್ನು ಕೆಡಿಸಬಲ್ಲದು.

ಆ ಮಾತು ನಡೆಯುವುದು ರೇಡಿಯೊ ಅಲೆಗಳಲ್ಲಿ. ನಮ್ಮಲ್ಲಿ ಹೆಚ್ಚಿನ ಕೀಗಳು ಬಳಸುವುದು 433.92 ಮೆಗಾಹರ್ಟ್ಸ್ ಆವರ್ತನ. ಪುಷ್ ಬಟನ್ ಕಾರುಗಳಲ್ಲಿ ಇನ್ನೊಂದು ಹಂತವಿದೆ: ಕಾರು ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ‘ಕೀ ಹತ್ತಿರ ಇದೆಯೇ?’ ಎಂದು ಕೇಳುತ್ತದೆ, ಜೇಬಿನಲ್ಲಿರುವ ಕೀ 433ರಲ್ಲಿ ಉತ್ತರಿಸುತ್ತದೆ. ಮೂರು ವೋಲ್ಟ್‌ನ ಪುಟ್ಟ ಸೆಲ್ಲಿನಿಂದ ಹೊರಡುವ ಈ ಸಂಕೇತ ಬಲು ದುರ್ಬಲ. ಕಾರಿನ ರಿಸೀವರ್ ಒಂದು ಮಿಲಿವ್ಯಾಟ್‌ನ ಸಾವಿರ ಕೋಟಿಯಲ್ಲೊಂದು ಪಾಲಿನಷ್ಟು ಶಕ್ತಿಯನ್ನೂ ಗುರುತಿಸಬಲ್ಲದು. ಕಿವಿ ಅಷ್ಟು ಸೂಕ್ಷ್ಮವಾಗಿರುವುದರಿಂದಲೇ ತೊಂದರೆ. ಕೋಲಾರದ ಟೊಮೇಟೊ ಮಂಡಿಯಲ್ಲಿ ಹರಾಜು ಕೂಗುವಾಗ ಪಕ್ಕದವರ ಪಿಸುಮಾತು ಕೇಳಿಸದಂತೆ, ಹತ್ತಿರದಲ್ಲೇ ಗದ್ದಲವಿದ್ದರೆ ಕೀಯ ಸಂಕೇತ ಮುಳುಗಿಹೋಗುತ್ತದೆ.

ಗದ್ದಲ ಹುಟ್ಟುವುದೆಲ್ಲಿ? ಕಾರಿನ ಬ್ಯಾಟರಿ 12 ವೋಲ್ಟ್, ಕ್ಯಾಮೆರಾಕ್ಕೆ ಬೇಕಾದದ್ದು 5. ಲೈಟರ್ ಸಾಕೆಟ್‌ಗೆ ಚುಚ್ಚುವ ಅಡಾಪ್ಟರ್ ವಿದ್ಯುತ್ತನ್ನು ಸೆಕೆಂಡಿಗೆ ಲಕ್ಷಾಂತರ ಸಲ ಹಚ್ಚಿ ಆರಿಸಿ ವೋಲ್ಟೇಜ್ ಇಳಿಸುತ್ತದೆ. ಹಾಗೆ ಥಟ್ಟನೆ ಹಚ್ಚಿ ಆರಿಸಿದಾಗ ಮೂಲ ಆವರ್ತನದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನೂರಾರು ಪಟ್ಟು ಆವರ್ತನಗಳೂ ಹುಟ್ಟುತ್ತವೆ. ಕ್ಯಾಮೆರಾದೊಳಗಿನ ಗಡಿಯಾರ ಸಂಕೇತಗಳ ಕಥೆಯೂ ಇದೇ: 24 ಮೆಗಾಹರ್ಟ್ಸ್‌ನ 18 ಪಟ್ಟು 432 ಮೆಗಾಹರ್ಟ್ಸ್. ಅಂದರೆ ಕೀಯ ಮನೆಬಾಗಿಲಿಗೇ ಬಂದಂತಾಯಿತು. ಒಳ್ಳೆಯ ತಯಾರಕರು ಫಿಲ್ಟರ್, ಲೋಹದ ಕವಚ ಹಾಕಿ ಇದನ್ನು ತಡೆಯುತ್ತಾರೆ. ಬೆಲೆ ಇಳಿಸಬೇಕೆಂದಾಗ ಮೊದಲು ಹೋಗುವುದು ಅವೇ. 433 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 69 ಸೆಂಟಿಮೀಟರ್. ಅದರ ಕಾಲು ಭಾಗ, ಅಂದರೆ 17 ಸೆಂಟಿಮೀಟರ್ ತಂತಿ, ಒಳ್ಳೆಯ ಆಂಟೆನಾ. ಗಾಜಿನ ಅಂಚಿನಲ್ಲಿ ಎಳೆದ ಕ್ಯಾಮೆರಾ ವೈರು ಅದಕ್ಕಿಂತ ಎಷ್ಟೋ ಉದ್ದ.

ರೇಡಿಯೊ ಗದ್ದಲದ ಸಂಕಟ ವಿಜ್ಞಾನಿಗಳಿಗೆ ಹಳೆಯದು. ಹಿಂದೆ ಕೋಲಾರ ಜಿಲ್ಲೆಗೇ ಸೇರಿದ್ದ ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ 1976ರಿಂದ ರೇಡಿಯೊ ವೀಕ್ಷಣಾಲಯ ನಡೆಸುತ್ತಿವೆ. ಆಕಾಶದ ಕ್ಷೀಣ ಅಲೆಗಳನ್ನು ಹಿಡಿಯಬೇಕಾದರೆ ನಗರದ ವಿದ್ಯುತ್ ಗದ್ದಲದಿಂದ ದೂರವಿರಲೇಬೇಕು. ಜನಸಾಮಾನ್ಯರನ್ನೂ ಈ ಗದ್ದಲ ಬಿಟ್ಟಿಲ್ಲ. 2019ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ನಾರ್ತ್ ಓಮ್‌ಸ್ಟೆಡ್‌ನಲ್ಲಿ ಹಲವು ಮನೆಗಳ ಕಾರ್ ಕೀಗಳು, ಗ್ಯಾರೇಜ್ ರಿಮೋಟ್‌ಗಳು ಒಮ್ಮೆಲೇ ಕೈಕೊಟ್ಟವು. ಹುಡುಕುತ್ತ ಹೋದಾಗ ಸಿಕ್ಕಿದ್ದು ಒಬ್ಬರು ಮನೆಯಲ್ಲೇ ಮಾಡಿಕೊಂಡಿದ್ದ ಪುಟ್ಟ ಸಾಧನ. ಅಲ್ಲಿನ ಕೀಗಳು ಬಳಸುವ 315 ಮೆಗಾಹರ್ಟ್ಸ್‌ನಲ್ಲಿ ಅದು ಎಡೆಬಿಡದೆ ಸಂಕೇತ ಹೊರಡಿಸುತ್ತಿತ್ತು. ಅದರ ಬ್ಯಾಟರಿ ತೆಗೆದದ್ದೇ ಎಲ್ಲವೂ ಸರಿಹೋಯಿತು.

ನಮ್ಮ ಕಾರಿನಲ್ಲೂ ಪತ್ತೆಯ ದಾರಿ ಅದೇ: ಒಂದೊಂದನ್ನೇ ತೆಗೆದು ನೋಡುವುದು. ಮೊದಲು ಎರಡನೇ ಕೀ ಬಳಸಿ. ಎರಡೂ ಸೋತರೆ ದೋಷ ಕೀಯಲ್ಲಿರುವ ಸಂಭವ ಕಡಿಮೆ. ಆಮೇಲೆ ಮೊಬೈಲ್ ಟವರ್, ವಿದ್ಯುತ್ ಸಬ್‌ಸ್ಟೇಷನ್ ಇಲ್ಲದ ಬಯಲಿಗೆ ಕಾರು ಒಯ್ದು ನೋಡಿ. ಅಲ್ಲಿ ಸರಿಯಾದರೆ ತಪ್ಪು ಜಾಗದ್ದು. ಅಲ್ಲಿಯೂ ಹಾಗೇ ಇದ್ದರೆ ಎಷ್ಟು ಹೆಜ್ಜೆ ದೂರದಿಂದ ಬಾಗಿಲು ತೆರೆಯುತ್ತದೆಂದು ಎಣಿಸಿಕೊಳ್ಳಿ. ಈಗ ಅಡಾಪ್ಟರನ್ನೇ ಸಾಕೆಟ್ಟಿನಿಂದ ಕಿತ್ತು ಮತ್ತೆ ಎಣಿಸಿ. ಕ್ಯಾಮೆರಾ ಆಫ್ ಮಾಡಿದರೆ ಸಾಲದು, ಗದ್ದಲ ಮಾಡುವುದು ಅಡಾಪ್ಟರೇ ಇರಬಹುದು. ಹಲವು ಸಲ ಹಾಕಿ ತೆಗೆದು ನೋಡಿದಾಗಲೂ, ಹಾಕಿದಾಗಲೆಲ್ಲ ದೂರ ಕಡಿಮೆಯಾಗಿ ತೆಗೆದಾಗಲೆಲ್ಲ ಹೆಚ್ಚಾದರೆ ಅಪರಾಧಿ ಸಿಕ್ಕಂತೆ.

ಇಲ್ಲೊಂದು ಸುಳಿವಿದೆ. ಇಗ್ನಿಷನ್ ಆಫ್ ಆದಾಗ ಕ್ಯಾಮೆರಾದ ವಿದ್ಯುತ್ತೂ ನಿಂತರೆ, ನಿಂತ ಕಾರಿನ ಬಾಗಿಲು ತೆರೆಯದಿರಲು ಅದು ಕಾರಣವಾಗಲಾರದು. ಕಾರು ನಿಂತಾಗಲೂ ಕ್ಯಾಮೆರಾ ಕೆಲಸ ಮಾಡುವ ಪಾರ್ಕಿಂಗ್ ಮೋಡ್‌ಗಾಗಿ ನೇರ ಬ್ಯಾಟರಿಗೆ ಜೋಡಿಸಿದ್ದರೆ, ಇಲ್ಲವೇ ನಿಮ್ಮ ಕಾರಿನ ಸಾಕೆಟ್ ಸದಾ ಚಾಲೂ ಇದ್ದರೆ ಮಾತ್ರ ಸಂಶಯಪಡಿ. ಕಾರಿನೊಳಗೆ ಕುಳಿತಾಗ ‘ಕೀ ಇಲ್ಲ’ ಎಂಬ ಸೂಚನೆ ಬಂದರೆ ಚಾರ್ಜರ್ ಪಕ್ಕದ ಕಪ್ ಹೋಲ್ಡರ್‌ನಲ್ಲಿಟ್ಟ ಕೀಯನ್ನು ದೂರ ಸರಿಸಿ ನೋಡಿ.

ಪರಿಹಾರ ದುಬಾರಿಯಲ್ಲ. ಮೊದಲು ಅಡಾಪ್ಟರ್ ಬದಲಿಸಿ. ಉಳಿದ ವೈರನ್ನು ಒಳಗಣ್ಣಾಡಿಯ ಬಳಿ ಸುರುಳಿ ಸುತ್ತಿ ತುರುಕಬೇಡಿ. ಕೆಲವು ಕಾರುಗಳಲ್ಲಿ ರಿಸೀವರ್ ಇರುವುದು ಆ ಆಸುಪಾಸಿನಲ್ಲೇ. ವೈರಿನ ಎರಡೂ ತುದಿಗೆ ಫೆರೈಟ್ ಕ್ಲಿಪ್ ಹಾಕಿ. ಲ್ಯಾಪ್‌ಟಾಪ್ ವೈರಿನ ಕೊನೆಯಲ್ಲಿ ಕಾಣುವ ದಪ್ಪನೆಯ ಗಂಟು ಅದೇ. ವಿದ್ಯುತ್ತನ್ನು ಬಿಟ್ಟು ಹೆಚ್ಚಿನ ಆವರ್ತನದ ಗದ್ದಲವನ್ನಷ್ಟೇ ಅದು ಶಾಖವಾಗಿಸಿ ಕರಗಿಸುತ್ತದೆ. ಪಕ್ಕದ ಕಂಬದೊಳಗೆ ವೈರು ಎಳೆಯುವಾಗ ಏರ್‌ಬ್ಯಾಗ್‌ಗೆ ಅಡ್ಡ ಬರದಂತೆ ಅದರ ಹಿಂದಿನಿಂದ ಎಳೆಯಲು ಎಲೆಕ್ಟ್ರಿಷಿಯನ್‌ಗೆ ಹೇಳಿ.

ದಾರಿಯಲ್ಲಿ ಸಿಕ್ಕಿಬಿದ್ದರೆ ಗಾಜು ಒಡೆಯಬೇಕಿಲ್ಲ. ಬಹುತೇಕ ರಿಮೋಟ್ ಕೀಗಳೊಳಗೆ ಲೋಹದ ಕೀ ಇರುತ್ತದೆ. ಬಾಗಿಲು ತೆರೆದ ಮೇಲೆ ಕೀಯನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿದರೆ ಅನೇಕ ಕಾರುಗಳು ಚಾಲೂ ಆಗುತ್ತವೆ. ಕೀಯೊಳಗಿನ ಚಿಪ್ ಆಗ ಕಾರಿನ ಸುರುಳಿಯಿಂದಲೇ ಶಕ್ತಿ ಪಡೆಯುವುದರಿಂದ ಸೆಲ್ ಸತ್ತಿದ್ದರೂ ಚಿಂತೆಯಿಲ್ಲ. ನಿಮ್ಮ ಕಾರಿನಲ್ಲಿ ಕೀ ತಾಗಿಸಬೇಕಾದ ಜಾಗ ಎಲ್ಲಿದೆಯೆಂದು ಮ್ಯಾನ್ಯುಯಲ್ ನೋಡಿ ಇಂದೇ ತಿಳಿದುಕೊಳ್ಳಿ.

ಇನ್ನೊಂದು ಅಪಾಯವನ್ನು ಬಹಳ ಜನ ಗಮನಿಸುವುದಿಲ್ಲ. ತೆರೆಯುವ ಸಂಕೇತವನ್ನು ನುಂಗುವ ಗದ್ದಲ ಲಾಕ್ ಮಾಡುವ ಸಂಕೇತವನ್ನೂ ನುಂಗುತ್ತದೆ. ಬಾಗಿಲು ತೆರೆಯದಿದ್ದರೆ ನಮಗೆ ತಕ್ಷಣ ಗೊತ್ತಾಗುತ್ತದೆ. ಲಾಕ್ ಆಗದಿದ್ದರೆ ಗೊತ್ತಾಗುವುದು ಒಳಗಿದ್ದ ಬ್ಯಾಗು ಕಳುವಾದ ಮೇಲೆ. ಆದ್ದರಿಂದ ಬಟನ್ ಒತ್ತಿ ಬೆನ್ನು ತಿರುಗಿಸಬೇಡಿ. ಇಂಡಿಕೇಟರ್ ಮಿನುಗಿತೇ ನೋಡಿ, ಹ್ಯಾಂಡಲ್ ಒಮ್ಮೆ ಎಳೆದು ಖಚಿತಪಡಿಸಿಕೊಳ್ಳಿ.